ಹಳೇ ಅಡ್ರೆಸ್ ಮರೆಸೋದು: 7ರಿಂದ 10ರ ಲೆಕ್ಕ

(1/8)

ಮೊದಲೇ ಹೇಳ್ಬಿಡ್ತೀನಿ, ಈ ಸಲದ ಸೀರೀಸ್ ಉದ್ದ ಇದೆ. ಎಂಟು ಪೋಸ್ಟ್. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಹೋದ ಸಲ ಪೇಜ್ ಟೇಬಲ್ ಬಗ್ಗೆ ಬರೆದಾಗ ನಿಮ್ಮಲ್ಲಿ ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಪೇಜ್ ಟೇಬಲ್‌ನಲ್ಲಿ ಎಂಟ್ರಿ ಅಳಿಸಿದ ಮೇಲೆ ಮುಗೀತಲ್ವಾ? ಆ ಮೆಮೊರಿ ಫ್ರೀ ಆಯ್ತಲ್ವಾ?"

ಮುಗಿಯಲ್ಲ. ಅಳಿಸೋದು ಸುಲಭದ ಅರ್ಧ. ಅದನ್ನ ಈಗಾಗಲೇ ಓದಿ ನೆನಪಿಟ್ಟುಕೊಂಡವರ ತಲೆಯಿಂದ ಅಳಿಸೋದು ಇನ್ನರ್ಧ. ನಾನು ಈ ಸೆಮಿಸ್ಟರ್ ಪೂರ್ತಿ ಓದಿದ್ದು ಈ ಎರಡನೇ ಅರ್ಧದ ಬಗ್ಗೆ, ಲಿನಕ್ಸ್ ಕರ್ನಲ್‌ನ ಒಂದೇ ಒಂದು ಡ್ರೈವರ್‌ನಲ್ಲಿ. (ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಮಿಲಿಟರಿ ಕರ್ನಲ್ ಅಲ್ಲ. ಫಸ್ಟ್ ಇಯರ್‌ನವರಿಗೆ ಹೇಳ್ತಿದ್ದೀನಿ, ಸೀನಿಯರ್ಸ್ ನಗಬೇಡಿ.)

ಫೋಟೋದಲ್ಲಿರೋದು ನನ್ನ ಗ್ರಾಫ್ ಪುಸ್ತಕ. ಆ ಚೌಕಗಳು ಏನು ಅಂತ ಐದನೇ ಪೋಸ್ಟ್‌ನಲ್ಲಿ ಗೊತ್ತಾಗುತ್ತೆ.

(2/8)

ಯಾವತ್ತಾದ್ರೂ ಪಿಜಿ ಬದಲಾಯಿಸಿದ್ದೀರಾ?

ನೀವು ಖಾಲಿ ಮಾಡಿದ ದಿನ ಮಾಲೀಕರು ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಗೀಟು ಎಳೀತಾರೆ. ಮಾರನೇ ದಿನವೇ ಆ ಬೆಡ್‌ಗೆ ಇನ್ನೊಬ್ಬರು ಬರ್ತಾರೆ. ಆದ್ರೆ ದಿನಾ ಟಿಫನ್ ಡಬ್ಬಿ ತರೋ ಹುಡುಗನ ತಲೆಯಲ್ಲಿ ಮಾತ್ರ "ಮೂರನೇ ಮಹಡಿ, ಕಿಟಕಿ ಪಕ್ಕದ ಬೆಡ್" ಅಂತಾನೇ ಕೂತಿರುತ್ತೆ. ಅವನು ರಿಜಿಸ್ಟರ್ ನೋಡಲ್ಲ, ಯಾಕೆ ನೋಡಬೇಕು? ಗೊತ್ತಿರೋ ದಾರಿ. ನಿಮ್ಮ ಡಬ್ಬಿ ತಂದು ಅವರ ಹಾಸಿಗೆ ಮೇಲೆ ಇಡ್ತಾನೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಅಲ್ಲಿರೋ ಡಬ್ಬಿ ನಿಮ್ಮದೇ ಅಂದ್ಕೊಂಡು ಅವರದ್ದನ್ನ ಎತ್ಕೊಂಡು ಹೋಗ್ತಾನೆ.

ರಿಜಿಸ್ಟರ್ ಅಂದ್ರೆ ಪೇಜ್ ಟೇಬಲ್. ಹುಡುಗ ಅಂದ್ರೆ ನೆಟ್‌ವರ್ಕ್ ಕಾರ್ಡು, ಎಸ್‌ಎಸ್‌ಡಿ, ಜಿಪಿಯು ಥರದ ಸಾಧನ. ಡಬ್ಬಿ ಇಡೋದು ಮೆಮೊರಿಗೆ ಬರೆಯೋದು, ಎತ್ಕೊಂಡು ಹೋಗೋದು ಓದೋದು. ಹೊಸದಾಗಿ ಬೆಡ್‌ಗೆ ಬಂದವರು ಇನ್ನೊಂದು ಪ್ರೋಗ್ರಾಂ. ಅದರ ಪಾಸ್‌ವರ್ಡ್ ಆ ಪೇಜ್‌ನಲ್ಲಿ ಇರಬಹುದು.

ಉಪಮೆ ಇಲ್ಲಿಗೆ ಸಾಕು. ಇನ್ನೂ ಎಳೆದ್ರೆ ಅದು ಸುಳ್ಳು ಹೇಳೋಕೆ ಶುರು ಮಾಡುತ್ತೆ.

(3/8)

ಈಗ ನಿಜವಾದ ಹೆಸರುಗಳು.

ಸಾಧನಗಳು ಸಿಪಿಯುಗೆ ತೊಂದರೆ ಕೊಡದೆ ನೇರವಾಗಿ ಮೆಮೊರಿ ಮುಟ್ಟೋದಕ್ಕೆ ಡಿಎಂಎ ಅಂತಾರೆ. ಅವು ಬೇಕಾದ ಕಡೆ ಕೈ ಹಾಕದ ಹಾಗೆ ಮಧ್ಯದಲ್ಲಿ ನಿಂತು ಅಡ್ರೆಸ್ ಅನುವಾದ ಮಾಡೋ ಹಾರ್ಡ್‌ವೇರ್ ಐಒಎಂಎಂಯು. ಇಂಟೆಲ್‌ನವರು ವಿಟಿ-ಡಿ ಅಂತ ಕರೀತಾರೆ, ಆರ್ಮ್‌ನವರು ಎಸ್‌ಎಂಎಂಯು ಅಂತಾರೆ. ಕೆಲಸ ಒಂದೇ. ಪ್ರತಿ ಸಲ ಪೇಜ್ ಟೇಬಲ್ ನಡೆದು ನೋಡೋದು ನಿಧಾನ ಅಂತ ಅದು ತನ್ನ ಹತ್ರ ಒಂದು ಕ್ಯಾಶ್ ಇಟ್ಕೊಂಡಿರುತ್ತೆ, ಅದು ಟಿಎಲ್‌ಬಿ.

ಇಲ್ಲಿವರೆಗೆ ಸಿಲಬಸ್‌ನಲ್ಲಿದೆ. ಇಲ್ಲಿಂದ ಮುಂದೆ ನಮ್ಮ ಸಿಲಬಸ್‌ನಲ್ಲಿ ಇಲ್ಲ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಎಟಿಎಸ್ ಅಂತ ಒಂದು ಸೌಲಭ್ಯ ಇದೆ. ಸಾಧನವೇ "ಈ ಅಡ್ರೆಸ್‌ನ ಅನುವಾದ ಏನು?" ಅಂತ ಮೊದಲೇ ಕೇಳಿ, ಬಂದ ಉತ್ತರವನ್ನ ತನ್ನ ಚಿಪ್ಪಿನ ಒಳಗೇ ಬರೆದಿಟ್ಟುಕೊಳ್ಳುತ್ತೆ. ಆ ಕ್ಯಾಶ್‌ಗೆ ಎಟಿಸಿ ಅಂತ ಹೆಸರು. ಆಮೇಲೆ ಸಾಧನ ಕಳಿಸೋ ವಿನಂತಿಗೆ "ಇದು ಅನುವಾದ ಆಗಿರೋದೇ" ಅಂತ ಮುದ್ರೆ ಇರುತ್ತೆ, ಸಾಮಾನ್ಯವಾಗಿ ಐಒಎಂಎಂಯು ಅದನ್ನ ಮತ್ತೆ ಅನುವಾದ ಮಾಡದೆ ಒಳಗೆ ಬಿಡುತ್ತೆ.

ಇನ್ನೊಂದ್ಸಲ ಓದಿ ಆ ವಾಕ್ಯ. ಕಾವಲುಗಾರ ಮುದ್ರೆ ನೋಡಿ ಬಿಡ್ತಾನೆ. ಅದಕ್ಕೇ ಎಟಿಸಿಯಲ್ಲಿ ಹಳೇ ಎಂಟ್ರಿ ಉಳಿದ್ರೆ ಅದು ಬರೀ ಬಗ್ ಅಲ್ಲ, ತೆರೆದಿಟ್ಟ ಬಾಗಿಲು. 2019ರಲ್ಲಿ ಥಂಡರ್‌ಕ್ಲಾಪ್ ಅನ್ನೋ ಸಂಶೋಧನೆ ಬಂತು. ಥಂಡರ್‌ಬೋಲ್ಟ್ ಪೋರ್ಟ್‌ಗೆ ಚುಚ್ಚಿದ ದುಷ್ಟ ಸಾಧನ ಐಒಎಂಎಂಯು ಇದ್ದರೂ ಹೇಗೆಲ್ಲ ಒಳಗೆ ಬರಬಹುದು ಅಂತ ಅದರಲ್ಲಿ ತೋರಿಸಿದ್ರು. ಹೊರಗಿಂದ ಚುಚ್ಚೋ, ನಂಬಿಕೆ ಇಲ್ಲದ ಸಾಧನಗಳಿಗೆ ಲಿನಕ್ಸ್ ಈಗ ಎಟಿಎಸ್ ಕೊಡೋದೇ ಇಲ್ಲ. ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ. ವೇಗ ಬೇಕಂದ್ರೆ ನಂಬಿಕೆ ಬೇಕು, ನಿನ್ನೆ ಎಲ್ಲಿಂದಲೋ ತಂದ ಡಾಕ್ ಮೇಲೆ ಅಷ್ಟು ನಂಬಿಕೆ ಯಾಕೆ?

(4/8)

ಹಾಗಾದ್ರೆ ನಂಬೋ ಸಾಧನದ ಎಟಿಸಿಯಿಂದ ಎಂಟ್ರಿ ಅಳಿಸೋದು ಹೇಗೆ? ಇಲ್ಲಿಂದ ನಾನು ಓದಿದ ಡ್ರೈವರ್‌ಗೇ ಬರ್ತೀನಿ: ಆರ್ಮ್‌ನ ಎಸ್‌ಎಂಎಂಯು ಮೂರನೇ ಆವೃತ್ತಿಯದ್ದು. ಎಟಿಎಸ್ ಬೆಂಬಲ ಅದಕ್ಕೆ ಸೇರಿದ್ದು 2019ರಲ್ಲಿ.

ಡ್ರೈವರ್ ಒಂದು ಕಮಾಂಡ್ ಕ್ಯೂ ಇಟ್ಕೊಂಡಿರುತ್ತೆ. "ಈ ವ್ಯಾಪ್ತಿ ಮರೆತುಬಿಡು" ಅಂತ ಕಮಾಂಡ್ ಹಾಕುತ್ತೆ, ಹಿಂದೆಯೇ ಒಂದು ಸಿಂಕ್ ಹಾಕುತ್ತೆ. ಸಿಂಕ್ ಅಂದ್ರೆ "ಮುಂಚೆ ಹೇಳಿದ್ದೆಲ್ಲ ಮುಗಿದ ಮೇಲೆ ಹೇಳು, ಅಲ್ಲಿವರೆಗೂ ಕಾಯ್ತೀನಿ".

ಎರಡು ವಿಷಯ ಗಮನಿಸಿ.

ಒಂದು, ಕ್ರಮ. ಮೊದಲು ಎಸ್‌ಎಂಎಂಯುನ ಸ್ವಂತ ಟಿಎಲ್‌ಬಿ ಅಳಿಸಿ, ಅದು ಮುಗಿದ ಮೇಲೆ ಸಾಧನದ ಎಟಿಸಿ ಅಳಿಸಬೇಕು. ತಿರುಗಾ ಮುರುಗಾ ಮಾಡಿದ್ರೆ? ಸಾಧನ ಮರೀತು, ತಕ್ಷಣ ಮತ್ತೆ ಕೇಳ್ತು, ಎಸ್‌ಎಂಎಂಯು ತನ್ನ ಹಳೇ ಟಿಎಲ್‌ಬಿಯಿಂದಲೇ ಹಳೇ ಉತ್ತರ ಕೊಡ್ತು. ಅಳಿಸಿದ್ದು ವಾಪಸ್ ಬಂತು. ವೇಗ ಹೆಚ್ಚಿಸ್ತೀನಿ ಅಂತ ಈ ಎರಡನ್ನೂ ಹಿಂದುಮುಂದು ನೋಡದೆ ಒಟ್ಟಿಗೆ ಕಳಿಸೋ ಐಡಿಯಾ ನಿಮಗೆ ಹೊಳೆದ್ರೆ (ಎಲ್ಲರಿಗೂ ಹೊಳೆಯುತ್ತೆ), ಈ ಕಾರಣಕ್ಕೆ ಕೈ ಬಿಡಿ.

ಎರಡು, ಕಾಯೋದು. ಟಿಎಲ್‌ಬಿ ಎಸ್‌ಎಂಎಂಯು ಒಳಗೇ ಇದೆ. ಎಟಿಸಿ ಹಾಗಲ್ಲ, ತಂತಿಯ ಆ ಕಡೆ ಇದೆ. ಮೆಸೇಜ್ ಪಿಸಿಐ ಎಕ್ಸ್‌ಪ್ರೆಸ್ ದಾಟಿ ಹೋಗಬೇಕು. ಹಳೇ ಅಡ್ರೆಸ್ ಇಟ್ಕೊಂಡು ಅರ್ಧದಾರಿಯಲ್ಲಿರೋ ಕೆಲಸಗಳನ್ನ ಸಾಧನ ಮುಗಿಸಬೇಕು, ಆಮೇಲೆ "ಆಯ್ತು" ಅಂತ ಉತ್ತರ ವಾಪಸ್ ಬರಬೇಕು. ಒಂದೇ ಸಲಕ್ಕೆ ಒಂದು ಸಾಧನದ ಹತ್ರ ಇಂಥ ವಿನಂತಿ ಹೆಚ್ಚೆಂದರೆ 32 ಬಾಕಿ ಇರಬಹುದು. ಪ್ರಮಾಣಿತ ನಿಯಮದಲ್ಲಿ ಉತ್ತರದ ಗಡುವು ನಿಮಿಷದ ಲೆಕ್ಕದಲ್ಲಿದೆ! ಸಿಪಿಯು ಕಣ್ಣಲ್ಲಿ ಅದು ಯುಗ.

ಉತ್ತರವೇ ಬರದಿದ್ರೆ? ಸಾಧನವನ್ನ ಯಾರೋ ಕಿತ್ತುಬಿಟ್ಟಿದ್ದಾರೆ ಅನ್ಕೊಳ್ಳಿ. ಇಂಟೆಲ್ ಕಡೆಯ ಡ್ರೈವರ್‌ನಲ್ಲಿ ಇದು ನಿಜಕ್ಕೂ ಆಗ್ತಿತ್ತು. ಸಾಧನ ಹೋಗಿದೆ, ಕರ್ನಲ್ ಅದರ ಎಟಿಸಿ ಉತ್ತರಕ್ಕೆ ಕಾಯ್ತಾ ಕೂತು ಸಿಪಿಯು ಲಾಕ್ ಆಗ್ತಿತ್ತು. 2024ರಲ್ಲಿ ಸೇರಿದ ತಿದ್ದುಪಡಿಯ ತಿರುಳು ಒಂದೇ ಪ್ರಶ್ನೆ: ಸಾಧನ ಇನ್ನೂ ಇದೆಯಾ? ಇಲ್ಲ ಅಂದ್ರೆ ವಿನಂತಿ ಕಳಿಸ್ಬೇಡ.

ಇದರಿಂದ ನನಗೆ ಹೊಳೆದದ್ದು, ಈ ಜಾಗದಲ್ಲಿ ಅತ್ಯುತ್ತಮ ಆಪ್ಟಿಮೈಸೇಶನ್ ಅಂದ್ರೆ ಕಳಿಸದೇ ಇರೋದು. ಆರ್ಮ್ ಡ್ರೈವರ್‌ನಲ್ಲೂ ಅದೇ ಇದೆ. ಎಟಿಎಸ್ ಆನ್ ಇರೋ ಸಾಧನ ಎಷ್ಟಿವೆ ಅಂತ ಎಣಿಸಿಟ್ಟು, ಸೊನ್ನೆ ಇದ್ರೆ ಅಲ್ಲೇ ವಾಪಸ್. ಕಳಿಸಲೇಬೇಕಾದಾಗ ಕಮಾಂಡ್‌ಗಳನ್ನ ಗುಂಪು ಮಾಡಿ, ಗುಂಪಿಗೆ ಒಂದೇ ಸಿಂಕ್.

(5/8)

ಈಗ ಗ್ರಾಫ್ ಪುಸ್ತಕ. ಇದೇ ನನ್ನ ಫೇವರಿಟ್ ಭಾಗ, ಪೆನ್ ತಗೊಳ್ಳಿ.

ಸಾಧನಕ್ಕೆ "7ರಿಂದ 10ನೇ ಪೇಜ್‌ವರೆಗೆ ಮರೆತುಬಿಡು" ಅಂತ ನೇರವಾಗಿ ಹೇಳೋಕೆ ಆಗಲ್ಲ. ಎಟಿಎಸ್ ನಿಯಮದ ಪ್ರಕಾರ ವ್ಯಾಪ್ತಿಯ ಗಾತ್ರ 1, 2, 4, 8, 16 ಹೀಗೆ ಎರಡರ ಘಾತವೇ ಆಗಿರಬೇಕು, ಶುರುವಾಗೋ ಪೇಜ್ ಆ ಗಾತ್ರದಿಂದ ನಿಶ್ಶೇಷವಾಗಿ ಭಾಗ ಆಗಬೇಕು.

8ರಿಂದ 11 ಬೇಕಿದ್ರೆ ಅದೃಷ್ಟ. ನಾಲ್ಕು ಪೇಜ್, ಶುರು 8, ನಾಲ್ಕರಿಂದ ಭಾಗ ಆಗುತ್ತೆ. ಒಂದೇ ಕಮಾಂಡ್, ಒಂದೂ ಹೆಚ್ಚಿಲ್ಲ.

7ರಿಂದ 10 ಕೂಡ ನಾಲ್ಕೇ ಪೇಜ್. ಬೈನರಿಯಲ್ಲಿ ಬರೀರಿ: 7 ಅಂದ್ರೆ 0111, 10 ಅಂದ್ರೆ 1010. ಎರಡನ್ನೂ ಎಕ್ಸ್‌ಆರ್ ಮಾಡಿ: 1101. ಎಡಗಡೆಯ ಮೊದಲ ವ್ಯತ್ಯಾಸ ನಾಲ್ಕನೇ ಬಿಟ್‌ನಲ್ಲಿದೆ. ಅಂದ್ರೆ ಇವೆರಡನ್ನೂ ಒಳಗೊಳ್ಳೋ ಅತಿ ಚಿಕ್ಕ ಪೆಟ್ಟಿಗೆ 16 ಪೇಜ್‌ನದ್ದು: 0ಯಿಂದ 15. ನಾಲ್ಕು ಮರೆಸೋಕೆ ಹೋಗಿ ಹದಿನಾರು ಮರೆಸಿದ್ವಿ. ಈ 7–10 ಉದಾಹರಣೆ ನನ್ನದಲ್ಲ, ಡ್ರೈವರ್ ಕೋಡ್‌ನಲ್ಲೇ ಕಾಮೆಂಟ್ ಆಗಿ ಕೂತಿದೆ. ವಿಪರೀತ ಜಾಸ್ತಿ ಅಳಿಸೋದು ಅಥವಾ ತುಂಡು ಮಾಡಿ ಹಲವು ಕಮಾಂಡ್ ಕಳಿಸೋದು, ಎರಡರಲ್ಲಿ ಸರಳತೆಗೋಸ್ಕರ ಮೊದಲನೇದನ್ನ ಆರಿಸಿದ್ದೀವಿ; ಎರಡನೇದು ಮೇಲು ಅಂತ ಯಾರಾದ್ರೂ ತೋರಿಸಿದ್ರೆ ಆಗ ತಿದ್ದೋಣ ಅನ್ನೋ ಅರ್ಥದ ಮಾತೂ ಅಲ್ಲೇ ಇದೆ.

ಅದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳಲ್ಲ. ಜಗತ್ತಿನ ಸರ್ವರ್‌ಗಳಲ್ಲಿ ಓಡೋ ಕೋಡ್‌ನಲ್ಲಿ ಒಂದು ಖಾಲಿ ಕುರ್ಚಿ ಇಟ್ಟು "ಯಾರಾದ್ರೂ ಬನ್ನಿ" ಅಂತ ಬರೆದಿಟ್ಟಿದ್ದಾರೆ.

ಕುರ್ಚಿಯಲ್ಲಿ ಕೂರೋ ಮುಂಚೆ ಲೆಕ್ಕ ಮಾಡೋಣ. ಎರಡೇ ಎರಡು ಪೇಜ್ ತಗೊಳ್ಳಿ, 1023 ಮತ್ತು 1024. ಅಕ್ಕಪಕ್ಕದವರು. ಆದ್ರೆ ಬೈನರಿಯಲ್ಲಿ ಒಂದು ಪೂರ್ತಿ ಒಂದುಗಳು, ಇನ್ನೊಂದು ಒಂದರ ಹಿಂದೆ ಪೂರ್ತಿ ಸೊನ್ನೆಗಳು. ಎಕ್ಸ್‌ಆರ್ ಮಾಡಿದ್ರೆ ಹನ್ನೊಂದು ಬಿಟ್ಟೂ ಬೇರೆ. ಪೆಟ್ಟಿಗೆ 2048 ಪೇಜ್! 4 ಕೆಬಿ ಪೇಜ್ ಆದ್ರೆ 8 ಎಂಬಿ ವ್ಯಾಪ್ತಿಯ ಎಲ್ಲಾ ನೆನಪೂ ಹೋಯ್ತು, ಬೇಕಿದ್ದದ್ದು 8 ಕೆಬಿ. ತುಂಡು ಮಾಡಿದ್ರೆ ಎರಡೇ ಕಮಾಂಡ್‌ನಲ್ಲಿ ಕರಾರುವಾಕ್ಕು.

ಇದು ಅಪರೂಪ ಅಂತೀರಾ? ಎರಡು ಪೇಜ್‌ನ ವ್ಯಾಪ್ತಿ 0ಯಿಂದ 1023ರವರೆಗೆ ಎಲ್ಲಿಂದ ಬೇಕಾದ್ರೂ ಶುರುವಾಗಬಹುದು ಅನ್ಕೊಂಡು ಸರಾಸರಿ ತೆಗೆಯಿರಿ. ಅರ್ಧ ಸಲ ಪೆಟ್ಟಿಗೆ 2. ಕಾಲು ಸಲ 4. ಎಂಟರಲ್ಲಿ ಒಂದು ಸಲ 8. ಪ್ರತಿ ಮೆಟ್ಟಿಲಿನಲ್ಲೂ ಸಾಧ್ಯತೆ ಅರ್ಧ ಆಗುತ್ತೆ, ಗಾತ್ರ ಎರಡರಷ್ಟಾಗುತ್ತೆ, ಗುಣಿಸಿದ್ರೆ ಪ್ರತಿ ಮೆಟ್ಟಿಲೂ ಮೊತ್ತಕ್ಕೆ 1 ಸೇರಿಸುತ್ತೆ. ಹತ್ತು ಮೆಟ್ಟಿಲಿಗೆ 10, ಕೊನೆಯ 1023ರಿಂದ ಇನ್ನೊಂದು 2. ಒಟ್ಟು 12. ಬೇಕಿದ್ದದ್ದು ಎರಡು ಪೇಜ್, ಸರಾಸರಿ ಅಳಿಸೋದು ಹನ್ನೆರಡು. ಅರ್ಧ ಸಲ ಒಂದಿಷ್ಟೂ ನಷ್ಟ ಇಲ್ಲ, ಯಾವಾಗಲೋ ಒಂದು ಸಲ ಮನೆ ಪೂರ್ತಿ ಖಾಲಿ. ಸರಾಸರಿ ನೋಡಿ ಮಾತ್ರ ಮಾತಾಡೋರಿಗೆ ಈ ಲೆಕ್ಕ ತೋರಿಸಿ.

ನನ್ನ ರೂಮ್‌ಮೇಟ್ ತಕ್ಷಣ ಹೇಳಿದ್ದು: "ಹಾಗಾದ್ರೆ ಯಾವಾಗಲೂ ತುಂಡು ಮಾಡಿ, ಮುಗೀತಲ್ಲ." ಇಲ್ಲ ಮಾರಾಯ. 1ರಿಂದ 1022 ತಗೋ. ಕರಾರುವಾಕ್ಕಾಗಿ ಮಾಡೋಕೆ 1, 2–3, 4–7 ಅಂತ ಹತ್ತುತ್ತಾ ಒಂಬತ್ತು, ಆ ಕಡೆ ಇಳಿಯುತ್ತಾ ಒಂಬತ್ತು, ಒಟ್ಟು 18 ಕಮಾಂಡ್. ಒಂದೇ ದೊಡ್ಡ ಪೆಟ್ಟಿಗೆ ಹಾಕಿದ್ರೆ 1024 ಪೇಜ್, ಅಂದ್ರೆ ಹೆಚ್ಚಿಗೆ ಅಳಿಸಿದ್ದು ಬರೀ ಎರಡು ಪೇಜ್. ಎರಡು ಪೇಜ್ ಉಳಿಸೋಕೆ ತಂತಿ ಮೇಲೆ ಹದಿನೇಳು ಮೆಸೇಜ್ ಜಾಸ್ತಿ ಕಳಿಸೋದು ಹುಚ್ಚು.

ಇಲ್ಲಿ ಒಂದು ವಿಷಯ ಮನಸ್ಸಲ್ಲಿ ಗಟ್ಟಿ ಮಾಡ್ಕೊಳ್ಳಿ. ಜಾಸ್ತಿ ಅಳಿಸಿದ್ರೆ ಸಾಧನ ಮತ್ತೆ ಕೇಳುತ್ತೆ, ನಿಧಾನ ಆಗುತ್ತೆ, ಅಷ್ಟೇ. ಕಡಿಮೆ ಅಳಿಸಿದ್ರೆ ಇನ್ನೊಬ್ಬರ ಡಬ್ಬಿ ಹೋಗುತ್ತೆ. ಎರಡೂ ಒಂದೇ ತೂಕದ ತಪ್ಪಲ್ಲ. ಅದಕ್ಕೇ, ಆ "ಸರಳತೆಗೋಸ್ಕರ" ಅನ್ನೋ ಮಾತನ್ನ ಮೊದಲು ಸೋಮಾರಿತನ ಅಂತ ಕರೆದವರ ಜೊತೆ ನಾನು ಜಗಳ ಆಡಿದ್ದೀನಿ.

(6/8)

ಚಿಕ್ಕ ಪೋಸ್ಟ್. ಈ ಓರೆಕೋರೆ ವ್ಯಾಪ್ತಿಗಳು ಬರೋದಾದ್ರೂ ಎಲ್ಲಿಂದ?

ಮಾಮೂಲಿ ಡಿಎಂಎಯಲ್ಲಿ ಹೆಚ್ಚಾಗಿ ಬರಲ್ಲ. ಸಾಧನಕ್ಕೆ ಅಡ್ರೆಸ್ ಹಂಚೋ ಲಿನಕ್ಸ್‌ನ ಭಾಗ ಗಾತ್ರಕ್ಕೆ ತಕ್ಕ ಹಾಗೆ ಜೋಡಿಸಿಯೇ ಕೊಡುತ್ತೆ. ನಾಲ್ಕು ಪೇಜ್ ಕೇಳಿದ್ರೆ ನಾಲ್ಕರಿಂದ ಭಾಗ ಆಗೋ ಜಾಗ. ಅಳಿಸೋ ದಿನದ ಕಷ್ಟವನ್ನ ಕೊಡೋ ದಿನವೇ ತಪ್ಪಿಸಿದ ಹಾಗೆ. ನೋಡಿ, ಇದನ್ನ ನಾನು ಜಾಣತನ ಅಂತೀನಿ. ಇನ್‌ವ್ಯಾಲಿಡೇಶನ್ ಕೋಡ್ ಮುಟ್ಟದೆ ಇನ್‌ವ್ಯಾಲಿಡೇಶನ್ ವೇಗ ಆಯ್ತು.

ಬರೋದು ಎಸ್‌ವಿಎಯಲ್ಲಿ. ಪ್ರೋಗ್ರಾಂನ ಅಡ್ರೆಸ್‌ಗಳನ್ನೇ ಸಾಧನವೂ ಬಳಸೋ ವ್ಯವಸ್ಥೆ ಅದು. ನಿಮ್ಮ ಸಿ ಪ್ರೋಗ್ರಾಂ ಎಲ್ಲಿಂದ ಎಲ್ಲಿಗೆ ಅನ್‌ಮ್ಯಾಪ್ ಮಾಡುತ್ತೋ ಅದೇ ವ್ಯಾಪ್ತಿ ಡ್ರೈವರ್‌ಗೆ ಬರುತ್ತೆ. ಪ್ರೋಗ್ರಾಂ ಬರೆಯೋ ನಮಗೆ ಎರಡರ ಘಾತದ ಚಿಂತೆ ಎಲ್ಲಿದೆ!

(7/8)

"ಪ್ರತಿ ಸಲ ಕಾಯೋ ಬದಲು ಒಟ್ಟಿಗೆ ಒಂದ್ಸಲ ಅಳಿಸಿದ್ರೆ?" ಅಂತ ಕ್ಲಾಸಲ್ಲಿ ಒಬ್ಬಳು ಕೇಳಿದ್ಲು. ಒಳ್ಳೇ ಪ್ರಶ್ನೆ. ಲಿನಕ್ಸ್‌ನಲ್ಲಿ ಅದೂ ಇದೆ, ಲೇಜಿ ಮೋಡ್ ಅಂತ. ಅಳಿಸಬೇಕಾದ್ದನ್ನ ಕ್ಯೂನಲ್ಲಿ ಇಟ್ಕೊಳ್ಳುತ್ತೆ. ಮಾಮೂಲಿ ಕ್ಯೂನ ಗಾತ್ರ 256, ಟೈಮರ್ 10 ಮಿಲಿಸೆಕೆಂಡ್. ತುಂಬಿದ್ರೆ ಅಥವಾ ಟೈಮರ್ ಹೊಡೆದ್ರೆ ಎಲ್ಲವನ್ನೂ ಒಂದೇ ಏಟಿಗೆ ಮರೆಸುತ್ತೆ.

ವೇಗ ಚೆನ್ನಾಗಿ ಬರುತ್ತೆ. ಬೆಲೆ ಏನು? ಆ 10 ಮಿಲಿಸೆಕೆಂಡ್ ಸಾಧನದ ಹಳೇ ನೆನಪು ಜೀವಂತ. ಸಾಧನ ಬಳಸೋ ಅಡ್ರೆಸ್ಸನ್ನ ಅಲ್ಲಿವರೆಗೂ ಯಾರಿಗೂ ಕೊಡಲ್ಲ, ನಿಜ. ಆದ್ರೆ ಅದರ ಹಿಂದಿರೋ ನಿಜವಾದ ಪೇಜ್ ಅಷ್ಟರಲ್ಲಿ ಬೇರೆಯವರ ಕೈ ಸೇರಿರಬಹುದು. 10 ಮಿಲಿಸೆಕೆಂಡ್ ನಮಗೆ ಕಣ್ಣು ಮಿಟುಕಿಸೋಕೂ ಸಾಲಲ್ಲ. 3 ಗಿಗಾಹರ್ಟ್ಜ್ ಸಿಪಿಯುಗೆ ಅದು 3 ಕೋಟಿ ಸೈಕಲ್. ಸೆಕೆಂಡಿಗೆ 10 ಗಿಗಾಬಿಟ್ ಓಡೋ ನೆಟ್‌ವರ್ಕ್ ಕಾರ್ಡ್ ಅಷ್ಟರಲ್ಲಿ 12.5 ಎಂಬಿ ಬರೆದುಬಿಡುತ್ತೆ.

ಯಾರಿಗೆ ಯಾವುದು ಅನ್ನೋದು ಬೂಟ್ ಸಮಯದ ಆಯ್ಕೆ, ಕಟ್ಟುನಿಟ್ಟಾ ಅಥವಾ ಲೇಜಿಯಾ. ನಂಬಿಕೆ ಇಲ್ಲದ ಸಾಧನಕ್ಕೆ ಮಾತ್ರ ಲೇಜಿ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಟ್ಟುನಿಟ್ಟು ಇಟ್ಟಿದ್ದೀನಿ. ಗೇಮ್ ಆಡೋ ಸ್ನೇಹಿತರು ಹುಬ್ಬೇರಿಸ್ತಾರೆ, ಏರಿಸಲಿ.

(8/8)

ಈಗ ನನ್ನ ಪ್ರಾಜೆಕ್ಟ್ ಎಲ್ಲಿದೆ ಅಂತ.

ತುಂಡು ಮಾಡೋ ಕೋಡ್ ಬರೆದಿದ್ದೀನಿ. ಇಪ್ಪತ್ತು ಚಿಲ್ಲರೆ ಸಾಲು. ನಿಯಮ ಇಷ್ಟೇ: ನಾಲ್ಕು ಕಮಾಂಡ್ ಒಳಗೆ ಕರಾರುವಾಕ್ಕಾಗಿ ಮುಗಿಯೋದಾದ್ರೆ ಮತ್ತು ದೊಡ್ಡ ಪೆಟ್ಟಿಗೆ ಬೇಕಿದ್ದದ್ದಕ್ಕಿಂತ ನಾಲ್ಕರಷ್ಟೋ ಅದಕ್ಕಿಂತ ಹೆಚ್ಚೋ ಇದ್ರೆ ತುಂಡು ಮಾಡು, ಇಲ್ಲಾಂದ್ರೆ ಹಳೇ ದಾರಿ. 7–10 ಮೂರು ಕಮಾಂಡ್ ಆಗುತ್ತೆ: 7, 8–9, 10. 1023–1024 ಎರಡು. 1–1022 ಹಾಗೇ ಒಂದೇ ಪೆಟ್ಟಿಗೆಯಲ್ಲಿ ಹೋಗುತ್ತೆ. 0ಯಿಂದ 2047ರ ಒಳಗಿನ ಪ್ರತಿ ವ್ಯಾಪ್ತಿಗೂ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಓಡಿಸಿ, ಕೇಳಿದ ಒಂದು ಪೇಜ್ ಕೂಡ ಅಳಿಸದೆ ಉಳಿದಿಲ್ಲ ಅಂತ ನೋಡ್ಕೊಂಡಿದ್ದೀನಿ. ಇದರಲ್ಲಿ ಹೆಮ್ಮೆ ಪಡೋ ಭಾಗ ವೇಗ ಅಲ್ಲ, ಆ ಪರೀಕ್ಷೆ.

ಈ "ನಾಲ್ಕು" ಎಲ್ಲಿಂದ ಬಂತು? ಗ್ರಾಫ್ ಪುಸ್ತಕದಿಂದ. ಅಳೆದದ್ದಲ್ಲ. ಕೋಡ್‌ನ ಕಾಮೆಂಟ್ ಕೇಳ್ತಿರೋದು ಅಳತೆ. ಮೂರು ಕಮಾಂಡ್ ಕಳಿಸೋ ಖರ್ಚು ದೊಡ್ಡದೋ, ಹನ್ನೆರಡು ಪೇಜ್‌ನ ನೆನಪು ಕಳಕೊಂಡ ಸಾಧನ ಮತ್ತೆ ಕೇಳೋ ಖರ್ಚು ದೊಡ್ಡದೋ, ಇದನ್ನ ಪುಸ್ತಕ ಹೇಳಲ್ಲ. ಸಾಧನ ಬದಲಾದ್ರೆ ಉತ್ತರವೂ ಬದಲಾಗುತ್ತೆ. ಹಾಗಾಗಿ ಪ್ಯಾಚ್ ಕಳಿಸಿಲ್ಲ. ಕಳಿಸಿದ್ರೆ ಮೊದಲ ಪ್ರಶ್ನೆಯೇ "ನಂಬರ್ ಎಲ್ಲಿ?" ಅಂತ ಬರುತ್ತೆ, ಬರಲೇಬೇಕು.

ಮನೆಯಲ್ಲಿ ಇದನ್ನೆಲ್ಲ ನೋಡಬೇಕು ಅನ್ನೋರಿಗೆ ಒಂದು ದಾರಿ: ಕ್ಯೂಇಎಂಯುನಲ್ಲಿ ಇಂಟೆಲ್ ಐಒಎಂಎಂಯು ಆಯ್ಕೆ ಕೊಟ್ಟು, ವರ್ಟಿಯೋ ನೆಟ್‌ವರ್ಕ್ ಕಾರ್ಡ್‌ಗೆ ಎಟಿಎಸ್ ಆನ್ ಮಾಡಿ. ಇನ್‌ವ್ಯಾಲಿಡೇಶನ್ ಹೋಗೋದು ಬರೋದು ಕಾಣುತ್ತೆ. ಕೋಡ್ ಓದೋಕೆ ತುಂಬಾ ಸಹಾಯ. ಆದ್ರೆ ಅಲ್ಲಿ ಸಮಯ ಮಾತ್ರ ಅಳೀಬೇಡಿ, ಅಲ್ಲಿ ತಂತಿಯೇ ಇಲ್ಲ, ಎಲ್ಲಾ ಸಾಫ್ಟ್‌ವೇರ್ ನಾಟಕ.

ನನಗೆ ಬೇಕಿರೋದು ಆರ್ಮ್ ಸರ್ವರ್, ಅದರಲ್ಲಿ ಎಟಿಎಸ್ ಮತ್ತು ಎಸ್‌ವಿಎ ಎರಡೂ ಬಲ್ಲ ನಿಜವಾದ ಕಾರ್ಡ್. ನಮ್ಮ ಲ್ಯಾಬ್‌ನಲ್ಲಿ ಇಲ್ಲ. ನಿಮ್ಮ ಕಾಲೇಜಿನಲ್ಲೋ, ಇಂಟರ್ನ್‌ಶಿಪ್ ಮಾಡ್ತಿರೋ ಜಾಗದಲ್ಲೋ ಇದ್ರೆ, ಅವರ ಅನುಮತಿ ಕೇಳಿ ಆಮೇಲೆ ಹೀಗೆ ನೋಡಿ: ರೂಟ್ ಆಗಿ ಎಲ್‌ಎಸ್‌ಪಿಸಿಐ ಕಮಾಂಡನ್ನ ಮೂರು ವಿ ಹಾಕಿ ಓಡಿಸಿ, "ಎಟಿಎಸ್‌ಕಂಟ್ರೋಲ್" ಥರದ ಸಾಲು ಹುಡುಕಿ, ಅಲ್ಲಿ ಎನೇಬಲ್ ಪಕ್ಕ ಪ್ಲಸ್ ಇದೆಯಾ ಮೈನಸ್ ಇದೆಯಾ ನೋಡಿ. ಪ್ಲಸ್ ಇದ್ರೆ ಮೆಸೇಜ್ ಮಾಡಿ. ಒಂದು ಶನಿವಾರ ಸಾಕು. ಬಸ್ ಚಾರ್ಜ್ ನಂದೇ, ಮಧ್ಯಾಹ್ನದ ಊಟ ನಿಮ್ಮದು.

#ಕನ್ನಡದಲ್ಲಿಕರ್ನಲ್ #ಲಿನಕ್ಸ್ #ಗ್ರಾಫ್‌ಪುಸ್ತಕ